ಆರು ಕುಂಡದ ಜಾಗದಲ್ಲಿ ಯಾವ ಮೆಣಸಿನಕಾಯಿ ಬೆಳೆಯಲಿ?

ಮೊದಲ ಸಲ ಮೆಣಸಿನ ಗಿಡ ಹಾಕುತ್ತಿದ್ದೇನೆ, ಆರು ಕುಂಡಕ್ಕೆ ಜಾಗ ಇದೆ, ಹಸಿಯಾಗಿಯೂ ಬೇಕು, ಒಣಗಿಸಿ ಪುಡಿಯೂ ಮಾಡಬೇಕು, ಎಲ್ಲಕ್ಕಿಂತ ಖಾರದ ತಳಿ ಯಾವುದು ಅಂತ ಕೇಳಿದ್ದೀರಿ. ನಾನು ಎಂಟು ವರ್ಷದಿಂದ ಕುಂಡದಲ್ಲೇ ಬೆಳೆಯುತ್ತಿದ್ದೇನೆ. ದಯವಿಟ್ಟು ಖಾರದ ಅಂಕಿ ನೋಡಿ ತಳಿ ಆರಿಸಬೇಡಿ. ಕಾಯಿಯ ಸಿಪ್ಪೆ ಎಷ್ಟು ದಪ್ಪ, ಗಿಡ ಎಷ್ಟು ದಿನಕ್ಕೆ ಕಾಯಿ ಕೊಡುತ್ತದೆ, ಈ ಎರಡನ್ನು ಮೊದಲು ನೋಡಿ.

ಸಿಪ್ಪೆಯ ವಿಷಯ ನಾನು ಕಲಿತದ್ದು ಒಂದು ಬುಟ್ಟಿ ಹಾಲಪೀನ್ಯೋ, ಅಂದರೆ ದಪ್ಪ ಸಿಪ್ಪೆಯ ಒಂದು ಮೆಣಸಿನಕಾಯಿ, ಹಾಳಾದ ಮೇಲೆ. ಗಿಡದಲ್ಲೇ ಕೆಂಪಗೆ ಹಣ್ಣಾಗಲು ಬಿಟ್ಟು, ಕೊಯ್ದು ಬಿಸಿಲಿಗೆ ಹರಡಿದ್ದೆ. ನಾಲ್ಕು ದಿನ ಕಳೆದರೂ ಒಳಗೆ ಹಸಿ. ಮುರಿದು ನೋಡಿದರೆ ಕಪ್ಪು ಬೂಷ್ಟು. ಹಾಲಪೀನ್ಯೋ ಸಿಪ್ಪೆಯಲ್ಲಿ ನೀರು ಜಾಸ್ತಿ, ಬರೀ ಬಿಸಿಲಿಗೆ ಒಣಗುವುದು ಕಷ್ಟ. ಅದನ್ನು ಹೊಗೆಯಲ್ಲಿ ಒಣಗಿಸುವ ರೂಢಿ ಇರುವುದೂ ಅದಕ್ಕೇ. ಹಸಿಯಾಗಿ ಹೆಚ್ಚಿ ಹಾಕಲು, ಉಪ್ಪು ನೀರಿನಲ್ಲಿ ಇಡಲು ಮಾತ್ರ ತುಂಬಾ ಚೆನ್ನಾಗಿರುತ್ತದೆ. ಪುಡಿಗೆ ಬೇಕಾದ್ದು ಉದ್ದನೆಯ, ತೆಳು ಸಿಪ್ಪೆಯ ಕಾಯಿ. ಬಣ್ಣ ಜಾಸ್ತಿ, ಖಾರ ಕಡಿಮೆ ಬೇಕಿದ್ದರೆ ಬ್ಯಾಡಗಿ. ಖಾರವೇ ಬೇಕಿದ್ದರೆ ಕಯೆನ್. ಎರಡೂ ಬಿಸಿಲಿಗೆ ಸಲೀಸಾಗಿ ಗರಿಗರಿ ಒಣಗುತ್ತವೆ.

ಇನ್ನು ದಿನಗಳ ಲೆಕ್ಕ. ನಾವು ಸಾಮಾನ್ಯವಾಗಿ ನೋಡುವ ಬ್ಯಾಡಗಿ, ಕಯೆನ್, ಹಾಲಪೀನ್ಯೋ, ದಪ್ಪ ಮೆಣಸಿನಕಾಯಿ ಎಲ್ಲವೂ ಒಂದೇ ಜಾತಿಯವು, ಕ್ಯಾಪ್ಸಿಕಂ ಆನ್ಯುಅಮ್. ಮಣ್ಣು 25ರಿಂದ 30 ಡಿಗ್ರಿ ಬೆಚ್ಚಗಿದ್ದರೆ ಬೀಜ ಒಂದೆರಡು ವಾರದಲ್ಲಿ ಮೊಳೆಯುತ್ತದೆ. ಹಬನೇರೋ, ಭೂತ್ ಜೊಲೋಕಿಯಾ, ಕ್ಯಾರೊಲೈನಾ ರೀಪರ್‌ನಂಥ ಉರಿ ಖಾರದವು ಸೇರುವುದು ಚೈನೆನ್ಸ್ ಅನ್ನುವ ಬೇರೆ ಜಾತಿಗೆ. ಇವುಗಳ ಬೀಜ ಮೊಳೆಯಲು ಮೂರು, ನಾಲ್ಕು ವಾರ ಹಿಡಿದರೂ ಆಶ್ಚರ್ಯವಿಲ್ಲ. ಸಸಿ ನೆಟ್ಟ ಮೇಲೆ ಹಣ್ಣಾಗಲು ಮತ್ತೆ ಮೂರು ತಿಂಗಳಿಗಿಂತ ಜಾಸ್ತಿ. ನನ್ನ ಮೊದಲ ಹಬನೇರೋ ಬೀಜಗಳನ್ನು ಹದಿನೆಂಟನೇ ದಿನ ಸತ್ತವು ಅಂದುಕೊಂಡು ಟ್ರೇ ಸಮೇತ ಸುರಿದುಬಿಟ್ಟೆ. ಸುರಿದ ಜಾಗದಲ್ಲೇ ಹತ್ತು ದಿನಕ್ಕೆ ಮೂರು ಸಸಿ ಎದ್ದವು. ಮೊದಲ ಸಲ ಬೆಳೆಯುವವರಿಗೆ ಈ ಕಾಯುವಿಕೆ ಬೇಸರ ತರಿಸುತ್ತದೆ, ಅಲ್ವಾ? ಅದಕ್ಕೇ ಹೇಳುತ್ತಿದ್ದೇನೆ, ಅವನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ.

ಖಾರದ ಅಂಕಿಯನ್ನು ಯಾಕೆ ನಂಬಬಾರದು ಅಂತಲೂ ಹೇಳುತ್ತೇನೆ. ಆ ಅಂಕಿ ಕೊಡುವ ಸ್ಕೋವಿಲ್ ಅಳತೆ ಹುಟ್ಟಿದ್ದು 1912ರಲ್ಲಿ. ಮೆಣಸಿನ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳು ಮಾಡುತ್ತಾ ಹೋಗಿ, ಖಾರ ಗೊತ್ತಾಗದ ಹಂತ ಯಾವುದು ಅಂತ ನಾಲಿಗೆಯಲ್ಲೇ ಪರೀಕ್ಷೆ ಮಾಡುತ್ತಿದ್ದರು. ಈಗ ಯಂತ್ರದಲ್ಲಿ ಅಳೆಯುತ್ತಾರೆ. ಆ ಲೆಕ್ಕದಲ್ಲಿ ಹಾಲಪೀನ್ಯೋ 2,500ರಿಂದ 8,000, ಕಯೆನ್ 30,000ದಿಂದ 50,000, ಹಬನೇರೋ 1 ಲಕ್ಷದಿಂದ 3.5 ಲಕ್ಷ. ಒಂದೇ ತಳಿಯಲ್ಲೇ ಎಷ್ಟು ಅಂತರ ನೋಡಿ! ನೀರು ಕಡಿಮೆ ಬಿದ್ದ, ಬಿಸಿಲು ಕಂಡ ಗಿಡದ ಕಾಯಿ ಸಾಮಾನ್ಯವಾಗಿ ಜಾಸ್ತಿ ಖಾರ. ದಿನಾ ನೀರು ಕುಡಿದ ಗಿಡದ್ದು ಸಪ್ಪೆಯಾಗಬಹುದು. ಖಾರ ಇರುವುದು ಮುಖ್ಯವಾಗಿ ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ, ಬೀಜದಲ್ಲಲ್ಲ. ತಿರುಳು ಕೆರೆದು ತೆಗೆದರೆ ಖಾರದ ಕಾಯಿಯೂ ಎಷ್ಟೋ ಸೌಮ್ಯವಾಗುತ್ತದೆ. ಇನ್ನೊಂದು, ಒಂದು ಹಬನೇರೋ ಗಿಡ ಚೆನ್ನಾಗಿ ಬಂದರೆ ಒಂದು ಮನೆಯವರಿಗೆ ವರ್ಷವಿಡೀ ತಿಂದು ಮುಗಿಸಲು ಆಗುವುದಿಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಒಣಗಿಸಲು ಮೂರು ಕುಂಡ: ಎರಡರಲ್ಲಿ ಬ್ಯಾಡಗಿ, ಒಂದರಲ್ಲಿ ಕಯೆನ್. ಪುಡಿಗೆ ಕಾಯಿ ತುಂಬಾ ಬೇಕು, ಒಣಗಿದ ಮೇಲೆ ಸಿಗುವುದು ಹಿಡಿಯಷ್ಟು. ಹಸಿಗೆ ಒಂದು ಹಾಲಪೀನ್ಯೋ. ಒಂದು ಸೂಜಿ ಮೆಣಸು ಇರಲೇಬೇಕು. ಪುಟ್ಟ ಕಾಯಿ, ಒಳ್ಳೆ ಖಾರ, ಹಿಮ ಬೀಳದ ಕಡೆ ಗಿಡ ಹಲವು ವರ್ಷ ಬದುಕುತ್ತದೆ. ಹಕ್ಕಿಗಳಿಗೆ ಖಾರ ಗೊತ್ತಾಗುವುದಿಲ್ಲ, ಹಣ್ಣಾದ ಕೂಡಲೇ ಬಂದು ತಿನ್ನುತ್ತವೆ, ಹಾಗಾಗಿ ಸ್ವಲ್ಪ ಬೇಗ ಕೊಯ್ಯಿರಿ. ಆರನೆಯದನ್ನು ನಿಮ್ಮ ಆಸೆಗೆ ಬಿಟ್ಟಿದ್ದೇನೆ. ಕುಂಡ 10 ಲೀಟರಿಗಿಂತ ಚಿಕ್ಕದು ಬೇಡ.

ಸಿಹಿ ದಪ್ಪ ಮೆಣಸಿನಕಾಯಿಯನ್ನು ಖಾರದ ಗಿಡದ ಪಕ್ಕ ಇಟ್ಟರೆ ಅದೂ ಖಾರ ಆಗುತ್ತದೆ ಅಂತ ಯಾರಾದರೂ ಹೇಳಬಹುದು. ಈ ವರ್ಷದ ಕಾಯಿಗೆ ಏನೂ ಆಗುವುದಿಲ್ಲ. ಪರಾಗ ಬೆರೆತಿದ್ದರೆ ಗೊತ್ತಾಗುವುದು ಅದರ ಬೀಜ ಹಾಕಿದಾಗ, ಮುಂದಿನ ಗಿಡದಲ್ಲಿ. ಬೀಜ ಉಳಿಸಿಕೊಳ್ಳುವ ಆಸೆ ಇದ್ದರೆ ಎರಡು ಕೆಲಸ ಮಾಡಿ. ಎರಡು ತಳಿ ಬೆರೆಸಿ ಮಾಡಿದ ಎಫ್1 ಹೈಬ್ರಿಡ್ ಬಿಟ್ಟು (ಅದರ ಬೀಜ ಹಾಕಿದರೆ ಅದೇ ಥರದ ಗಿಡ ಬರುವುದಿಲ್ಲ) ನಾಟಿ ತಳಿಯ ಬೀಜ ತನ್ನಿ. ಹೂ ಅರಳುವ ಮೊದಲೇ ಒಂದು ಕೊಂಬೆಗೆ ತೆಳು ಬಟ್ಟೆಯ ಚೀಲ ಕಟ್ಟಿ. ಮೆಣಸಿನ ಹೂ ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟುತ್ತದೆ. ಕಾಯಿ ಕಚ್ಚಿದ ಮೇಲೆ ಚೀಲ ತೆಗೆದು ಆ ತೊಟ್ಟಿಗೆ ದಾರ ಕಟ್ಟಿಡಿ.

ಬಿಸಿಲು ಎಷ್ಟು ಬೀಳುತ್ತದೆ ಅಂತ ನೀವು ಬರೆದಿಲ್ಲ. ದಿನಕ್ಕೆ ಆರು ಗಂಟೆ ಇದ್ದರೆ ಮೇಲಿನದೆಲ್ಲ ನಡೆಯುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ದೊಡ್ಡ ಕಾಯಿಯ ತಳಿ ಬಿಟ್ಟು ಸೂಜಿ ಮೆಣಸನ್ನೇ ಎರಡು ಮೂರು ಹಾಕಿ. ಬಿಸಿಲು 35 ಡಿಗ್ರಿ ದಾಟಿದ ದಿನಗಳಲ್ಲಿ ಹೂ ಸುಮ್ನೆ ಉದುರುತ್ತವೆ. ಆಗ ಗೊಬ್ಬರ ಸುರಿಯಬೇಡಿ, ಗಿಡ ಕೀಳಲೂಬೇಡಿ. ವಾತಾವರಣ ತಂಪಾದ ಮೇಲೆ ಅದೇ ಗಿಡದಲ್ಲಿ ಮತ್ತೆ ಕಾಯಿ ಕಚ್ಚುತ್ತದೆ.