ಓದುಗರ ಪ್ರಶ್ನೆಗೆ ಉತ್ತರ: ಆದಿ ಕ್ರೈಸ್ತರ ಕಾಲದ ತಾಯಂದಿರು

ಪ್ರಶ್ನೆ: ಕ್ರೈಸ್ತ ಧರ್ಮದ ಮೊದಲ ಶತಮಾನಗಳಲ್ಲಿ ಕನ್ಯಾವ್ರತವನ್ನು ಎಲ್ಲಕ್ಕಿಂತ ಮೇಲಾದದ್ದೆಂದು ಕೊಂಡಾಡುತ್ತಿದ್ದರೆಂದು ಓದಿದ್ದೇನೆ. ಅದೇ ಕಾಲದಲ್ಲಿ ಮರಿಯಳನ್ನು ತಾಯಿಯೆಂದು ಗೌರವಿಸಿದರು, ಧರ್ಮಸಭೆಯನ್ನೂ ತಾಯಿಯೆಂದೇ ಕರೆದರು. ಹಾಗಾದರೆ ಮಕ್ಕಳನ್ನು ಹೆತ್ತು ಸಾಕುತ್ತಿದ್ದ ಸಾಮಾನ್ಯ ಹೆಂಗಸಿಗೆ ಅಲ್ಲಿ ಯಾವ ಸ್ಥಾನವಿತ್ತು? ನಂಬಿಕೆಗಾಗಿ ತಾಯಿಯೊಬ್ಬಳು ಮಗುವನ್ನು ಬಿಟ್ಟುಹೋಗುವುದನ್ನು ಅವರು ಒಪ್ಪುತ್ತಿದ್ದರೇ?

ಉತ್ತರ: ನಿಮ್ಮ ಪ್ರಶ್ನೆಯ ಕೊನೆಯ ಭಾಗದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಒಬ್ಬ ತಾಯಿಯೇ ತನ್ನ ಮಾತಿನಲ್ಲಿ ಬರೆದಿಟ್ಟ ಸಾಕ್ಷ್ಯ ಉಳಿದುಬಂದಿದೆ. ಆ ಕಾಲದ ತಾಯಂದಿರ ಬಗ್ಗೆ ನಾವು ಓದುವುದರಲ್ಲಿ ಬಹುಪಾಲು ಬಿಷಪ್ಪರೂ ಸನ್ಯಾಸಿಗಳೂ ಬರೆದದ್ದು. ತಾಯಿಯ ದನಿ ಅಲ್ಲಿ ಕೇಳಿಸುವುದು ಬಲು ಅಪರೂಪ. ಪೆರ್ಪೆಟುವಾಳ ಬರಹ ಅಂಥದ್ದು. ಉತ್ತರ ಆಫ್ರಿಕದ ಕಾರ್ಥೇಜ್ ನಗರದಲ್ಲಿ 203ರಲ್ಲಿ ಕ್ರೈಸ್ತಳೆಂಬ ಕಾರಣಕ್ಕೆ ಮರಣದಂಡನೆಗೆ ಗುರಿಯಾದ ಈಕೆಗೆ ಆಗ ಸುಮಾರು 22 ವರ್ಷ. ಒಳ್ಳೆಯ ಮನೆತನದ, ವಿದ್ಯಾವಂತ ಹೆಣ್ಣುಮಗಳು. ಮಡಿಲಲ್ಲಿ ಇನ್ನೂ ಮೊಲೆಹಾಲು ಬಿಡದ ಗಂಡುಕೂಸು. ಸೆರೆಮನೆಯಲ್ಲಿ ಕಳೆದ ದಿನಗಳನ್ನು ಅವಳು ಲ್ಯಾಟಿನ್ ಭಾಷೆಯಲ್ಲಿ ಬರೆದಿಟ್ಟಳು.

ಆ ಬರಹವನ್ನು ಓದಿದವರಿಗೆ ಮೊದಲು ಎದುರಾಗುವುದು ವಾದವೂ ಅಲ್ಲ, ಸಿದ್ಧಾಂತವೂ ಅಲ್ಲ, ಮಗುವಿನ ಹಸಿವು. ಸೆರೆಮನೆಯ ಕತ್ತಲೆ, ಉಸಿರುಗಟ್ಟಿಸುವ ಸೆಕೆ, ಸೈನಿಕರ ದಬ್ಬಾಳಿಕೆ ಇವೆಲ್ಲಕ್ಕಿಂತ ತನ್ನನ್ನು ಹಿಂಡಿದ್ದು ಕೂಸಿನ ಚಿಂತೆ ಎಂದು ಅವಳು ಹೇಳುತ್ತಾಳೆ. ಧರ್ಮಸಭೆಯ ಇಬ್ಬರು ಸೇವಕರು ಹಣ ಕೊಟ್ಟು, ಕೈದಿಗಳಿಗೆ ಕೆಲವು ಗಂಟೆಗಳ ಮಟ್ಟಿಗೆ ಕೊಂಚ ಗಾಳಿಯಾಡುವ ಜಾಗವನ್ನು ಕೊಡಿಸಿದಾಗ, ಅವಳು ಹಸಿದು ಸೊರಗಿದ್ದ ಮಗುವಿಗೆ ಹಾಲೂಡಿಸಿದಳು. ಮಗು ತನ್ನ ಬಳಿಯೇ ಇರಬಹುದೆಂದು ಅನುಮತಿ ದೊರೆತ ದಿನ, ಸೆರೆಮನೆಯೇ ತನಗೆ ಅರಮನೆಯಾಯಿತೆಂದು ಬರೆದಳು. ವಿಚಾರಣೆಯಲ್ಲಿ ಮುದಿ ತಂದೆ ಮಗುವನ್ನೆತ್ತಿಕೊಂಡು ಬಂದು ಅಂಗಲಾಚಿದ. ತಂದೆಯ ನರೆಗೂದಲನ್ನೂ ಮಗನ ಎಳೆತನವನ್ನೂ ನೋಡಿಯಾದರೂ ಚಕ್ರವರ್ತಿಗಳ ಕ್ಷೇಮಕ್ಕಾಗಿ ಬಲಿಯರ್ಪಿಸೆಂದು ಅಧಿಕಾರಿ ಹಿಲೇರಿಯಾನಸ್ ಕೂಡ ಕೇಳಿದ. ಅವಳು ಒಪ್ಪಲಿಲ್ಲ. ತೀರ್ಪಾದ ಮೇಲೆ ಮಗುವನ್ನು ಕಳುಹಿಸಿಕೊಡಲು ತಂದೆ ನಿರಾಕರಿಸಿದ. ಆಗ ಮಗು ತಾನಾಗಿಯೇ ಮೊಲೆ ಬಿಟ್ಟಿತು, ತನ್ನ ಎದೆಯೂ ಬಾತು ನೋಯಲಿಲ್ಲ, ಇದು ದೇವರ ದಯೆ ಎಂದು ಅವಳು ಬರೆಯುತ್ತಾಳೆ. ಬಾಣಂತಿಯಲ್ಲದವರ ಲೇಖನಿಯಿಂದ ಆ ಸಾಲು ಹುಟ್ಟುವುದು ಕಷ್ಟ ಎಂದು ನನಗನ್ನಿಸುತ್ತದೆ.

ಅವಳ ಜೊತೆಗಿದ್ದ ಫೆಲಿಸಿಟಾಸ್ ದಾಸಿ, ಎಂಟು ತಿಂಗಳ ಬಸುರಿ. ಬಸುರಿಯನ್ನು ಕೊಲ್ಲಲು ರೋಮನ್ ಕಾನೂನು ಬಿಡುತ್ತಿರಲಿಲ್ಲವಾದ್ದರಿಂದ, ತನ್ನೊಬ್ಬಳ ಸಾವು ಮುಂದಕ್ಕೆ ಹೋಗಿ ಸಂಗಾತಿಗಳಿಂದ ಅಗಲಬೇಕಾದೀತೆಂಬುದೇ ಅವಳ ಅಳಲು. ಎಲ್ಲರೂ ಸೇರಿ ಪ್ರಾರ್ಥಿಸಿದರು, ಸೆರೆಮನೆಯಲ್ಲೇ ಹೆರಿಗೆಯಾಯಿತು, ಹುಟ್ಟಿದ ಹೆಣ್ಣುಮಗುವನ್ನು ಅದೇ ನಂಬಿಕೆಯ ಒಬ್ಬಾಕೆ ತನ್ನ ಮಗಳಾಗಿ ಬೆಳೆಸಿದಳು. ಪ್ರಾಣಿಗಳ ಮುಂದೆ ನಿಲ್ಲಿಸಿದಾಗ ಹಸಿ ಬಾಣಂತಿಯ ಎದೆಯಿಂದ ಹಾಲು ತೊಟ್ಟಿಕ್ಕುವುದನ್ನು ಕಂಡು, ಸಾವನ್ನು ನೋಡಲೆಂದೇ ನೆರೆದಿದ್ದ ಜನರೂ ನಡುಗಿದರೆಂದೂ, ಇಬ್ಬರನ್ನೂ ಹಿಂದಕ್ಕೆ ಕರೆಸಿ ಬಟ್ಟೆ ತೊಡಿಸಿದರೆಂದೂ ಆ ದಾಖಲೆಯನ್ನು ಪೂರ್ತಿಗೊಳಿಸಿದವರು ತಿಳಿಸುತ್ತಾರೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಪೆರ್ಪೆಟುವಾಳ ಗಂಡನ ಹೆಸರು ಆ ಬರಹದಲ್ಲಿ ಎಲ್ಲಿಯೂ ಬರುವುದಿಲ್ಲ. ಆದರೆ ಎರಡು ಶಿಶುಗಳೂ ಯಾರ ಕೈ ಸೇರಿದವೆಂಬುದನ್ನು ಹೇಳದೆ ಅದು ಮುಂದಕ್ಕೆ ಹೋಗುವುದಿಲ್ಲ. ಸಾವನ್ನು ಆರಿಸಿಕೊಂಡ ತಾಯಿಯನ್ನು ಆ ಸಮುದಾಯ ಕೊಂಡಾಡಿತು, ನಿಜ. ಮಗುವನ್ನು ಬೀದಿಪಾಲು ಮಾಡಿದ ತಾಯಿಯನ್ನು ಕೊಂಡಾಡಲು ಮಾತ್ರ ಅದು ಸಿದ್ಧವಿರಲಿಲ್ಲ. ಹುಟ್ಟಿದ ಕೂಸನ್ನು ಎಲ್ಲಾದರೂ ಇಟ್ಟುಬರುವುದು ರೋಮನ್ ಜಗತ್ತಿನಲ್ಲಿ ಅಪರೂಪವೇನೂ ಆಗಿರದಿದ್ದ ಕಾಲದಲ್ಲಿ, ಶಿಶುಹತ್ಯೆಯನ್ನೂ ಗರ್ಭಪಾತವನ್ನೂ ಕ್ರೈಸ್ತರ ಅತ್ಯಂತ ಹಳೆಯ ಬೋಧನಾ ಗ್ರಂಥಗಳೇ ನಿಷೇಧಿಸಿದ್ದವು.

ನಾಲ್ಕನೆಯ ಶತಮಾನದಲ್ಲಿ ಕ್ರೈಸ್ತರ ಮೇಲಿನ ಹಿಂಸೆ ನಿಂತಿತು, ಆದರೆ ಪ್ರಶ್ನೆ ಇನ್ನಷ್ಟು ಕಠಿಣವಾಯಿತು. ಈಗ ಮಗುವನ್ನು ತಾಯಿಯಿಂದ ಅಗಲಿಸುತ್ತಿದ್ದುದು ನ್ಯಾಯಾಧಿಕಾರಿಯ ತೀರ್ಪಲ್ಲ, ತಾಯಿಯೇ ಆರಿಸಿಕೊಂಡ ವೈರಾಗ್ಯ. ರೋಮಿನ ಸಿರಿವಂತ ವಿಧವೆ ಪೌಲಾ 385ರಲ್ಲಿ ಕ್ರೈಸ್ತರ ಪುಣ್ಯಭೂಮಿಯಾದ ಪ್ಯಾಲೆಸ್ಟೈನಿಗೆ ಹಡಗು ಹತ್ತಿದಾಗ, ಪುಟ್ಟ ಮಗ ಟೊಕ್ಸೋಟಿಯಸ್ ದಡದಲ್ಲಿ ನಿಂತು ಕೈಚಾಚುತ್ತಿದ್ದ. ಮದುವೆಯ ವಯಸ್ಸಿಗೆ ಬಂದಿದ್ದ ಮಗಳು ರುಫಿನಾ, ತನ್ನ ಮದುವೆಯವರೆಗಾದರೂ ಇರೆಂದು ಬಾಯಿ ಬಿಡದೆ ಕಣ್ಣೀರಿನಲ್ಲೇ ಬೇಡುತ್ತಿದ್ದಳು. ಇದನ್ನು ನಮಗೆ ಹೇಳುವವನು ಬೈಬಲನ್ನು ಲ್ಯಾಟಿನಿಗೆ ಅನುವಾದಿಸಿದ ಸನ್ಯಾಸಿ ಜೆರೋಮ್. ಕ್ರಿಸ್ತನ ದಾಸಿಯೆಂದು ತೋರಿಸಿಕೊಳ್ಳಲು ಅವಳು ತಾನು ತಾಯಿಯೆಂಬುದನ್ನೇ ಮರೆತಳೆಂದು ಅವನು ಮೆಚ್ಚಿ ಬರೆಯುತ್ತಾನೆ. ಆ ಮೆಚ್ಚುಗೆಯನ್ನು ನಾನು ಎಷ್ಟು ಸಲ ಓದಿದರೂ ದಡದಲ್ಲಿ ನಿಂತ ಹುಡುಗನ ಕಡೆಗೇ ಮನಸ್ಸು ಹೋಗುತ್ತದೆ. ಅವನು ಬೆಳೆದು, ಮದುವೆಯಾಗಿ, ಮಗಳಿಗೆ ತಾಯಿಯ ಹೆಸರನ್ನೇ ಇಟ್ಟ. ಆ ಮೊಮ್ಮಗಳನ್ನೂ ಬೆತ್ಲೆಹೇಮಿನಲ್ಲಿದ್ದ ಅಜ್ಜಿಯ ಬಳಿಗೆ ಕಳುಹಿಸಿಕೊಡುವುದು ಲೇಸೆಂದು ಜೆರೋಮ್ ಮಗುವಿನ ತಾಯಿ ಲೇಟಾಳಿಗೆ ಪತ್ರ ಬರೆದ.

ಆದರೆ ಜೆರೋಮನ ಮಾತೇ ಇಡೀ ಧರ್ಮಸಭೆಯ ಮಾತಾಗಿರಲಿಲ್ಲ. ಪೌಲಾ ಹಡಗು ಹತ್ತುವುದಕ್ಕೆ ಕೆಲವು ದಶಕಗಳ ಮೊದಲೇ, ಈಗಿನ ಟರ್ಕಿಯಲ್ಲಿರುವ ಗಾಂಗ್ರಾ ಎಂಬಲ್ಲಿ ಬಿಷಪ್ಪರು ಸಭೆ ಸೇರಿ, ವೈರಾಗ್ಯದ ನೆಪದಲ್ಲಿ ಮಕ್ಕಳನ್ನು ಸಾಕದೆ ಬಿಟ್ಟುಬಿಡುವವರಿಗೆ ಬಹಿಷ್ಕಾರವಿರಲೆಂದು ಕಟ್ಟಳೆ ಮಾಡಿದ್ದರು. ಮದುವೆಯನ್ನು ಹೇಸಿ ಗಂಡನನ್ನು ತೊರೆಯುವ ಹೆಂಗಸಿಗೂ ಅದೇ ಶಿಕ್ಷೆ. ಯಾರೂ ಮಾಡದ ಕೆಲಸಕ್ಕೆ ನಿಷೇಧ ಹುಟ್ಟುವುದಿಲ್ಲ. ಹಾಗೆ ಮಾಡುತ್ತಿದ್ದವರು ಇದ್ದರೆಂಬುದಕ್ಕೂ, ಅದನ್ನು ಸಹಿಸದವರು ಇದ್ದರೆಂಬುದಕ್ಕೂ ಆ ಕಟ್ಟಳೆಯೇ ಸಾಕ್ಷಿ. ಆದ್ದರಿಂದ, ಅವರು ಒಪ್ಪುತ್ತಿದ್ದರೇ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಆ ಬಗ್ಗೆ ಅವರೊಳಗೇ ಜಗಳವಿತ್ತು, ಮತ್ತು ಅದರಲ್ಲಿ ಬರೆಯಬಲ್ಲವರು ಹೆಚ್ಚಾಗಿ ವೈರಾಗ್ಯದ ಪಕ್ಷದಲ್ಲಿದ್ದರು.

ಕನ್ಯಾವ್ರತ ಹೆಂಗಸರಿಗೆ ಏಕೆ ಹಿಡಿಸಿತೆಂಬುದನ್ನೂ ನ್ಯಾಯವಾಗಿ ನೋಡಬೇಕು. ಮಕ್ಕಳನ್ನು ಹೆರುವುದು ರೋಮಿನಲ್ಲಿ ಮನೆಯ ವಿಷಯ ಮಾತ್ರವಾಗಿರಲಿಲ್ಲ. ಚಕ್ರವರ್ತಿ ಆಗಸ್ಟಸ್ ಕಾಲದ ಕಾನೂನುಗಳು ಮದುವೆಯಾಗದವರ ಆಸ್ತಿಯ ಹಕ್ಕನ್ನು ಮೊಟಕುಗೊಳಿಸಿದ್ದವು. ಮೂರು ಮಕ್ಕಳನ್ನು ಹೆತ್ತ ಸ್ವತಂತ್ರ ಹೆಂಗಸನ್ನು ಪುರುಷ ಪೋಷಕನ ಅಧೀನದಿಂದ ಬಿಡುಗಡೆ ಮಾಡುತ್ತಿದ್ದವು. ಅವಿವಾಹಿತರ ಮೇಲಿನ ಆ ದಂಡನೆಗಳನ್ನು ಚಕ್ರವರ್ತಿ ಕಾನ್‌ಸ್ಟಂಟೈನ್ ತೆಗೆದುಹಾಕಿದ್ದು 320ರಲ್ಲಿ. ಹೆರಿಗೆಯೆಂದರೆ ಸಾವಿನ ಹೊಸ್ತಿಲೇ ಆಗಿದ್ದ ಕಾಲದಲ್ಲಿ, ಹೆರದೆಯೂ ಗೌರವದಿಂದ ಬಾಳಬಹುದೆಂಬ ದಾರಿ ಎಷ್ಟೋ ಹೆಣ್ಣುಮಕ್ಕಳಿಗೆ ಬಿಡುಗಡೆಯಾಗಿಯೇ ಕಂಡಿರಬೇಕು.

ಇನ್ನು ನಿಮ್ಮ ಪ್ರಶ್ನೆಯ ಮೊದಲ ಭಾಗ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ 251ರ ಸುಮಾರಿಗೆ, ಧರ್ಮಸಭೆಯನ್ನು ತಾಯಿಯಾಗಿ ಪಡೆಯದವನು ದೇವರನ್ನು ತಂದೆಯಾಗಿ ಪಡೆಯಲಾರನೆಂದು ಬರೆದ. ದೀಕ್ಷಾಸ್ನಾನ ಪಡೆದು ಬಂದವರಿಗೆ ಎಳೆಗೂಸಿಗೆ ಕೊಡುವಂತೆ ಹಾಲನ್ನೂ ಜೇನನ್ನೂ ಕೊಡುವ ಪದ್ಧತಿ ಹಲವೆಡೆ ಇತ್ತು. 431ರಲ್ಲಿ ಎಫೆಸದ ಮಹಾಸಭೆ ಮರಿಯಳನ್ನು ದೇವಮಾತೆಯೆಂದು ಕರೆಯುವುದನ್ನು ಎತ್ತಿಹಿಡಿಯಿತು. ಹೀಗೆ ತಾಯಿ ಎಂಬ ಪದ ಮೇಲೇರುತ್ತಲೇ ಹೋಯಿತು. ಹೆತ್ತ ಹೆಂಗಸು ಅದರ ಜೊತೆಗೆ ಮೇಲೇರಲಿಲ್ಲ. ಮರಿಯಳು ಧನ್ಯಳಾದದ್ದು ಕ್ರಿಸ್ತನ ದೇಹವನ್ನು ಗರ್ಭದಲ್ಲಿ ಹೊತ್ತದ್ದಕ್ಕಿಂತ ಅವನಲ್ಲಿ ನಂಬಿಕೆಯನ್ನು ಹೊತ್ತದ್ದರಿಂದ ಎಂದು ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್ ಹೇಳಿದ. ಇದಕ್ಕೆ ಬೇರು ಲೂಕನ ಸುವಾರ್ತೆಯಲ್ಲೇ ಇದೆ: ನಿನ್ನನ್ನು ಹೊತ್ತ ಗರ್ಭ ಧನ್ಯವೆಂದು ಗುಂಪಿನಿಂದ ಒಬ್ಬ ಹೆಂಗಸು ಕೂಗಿದಾಗ, ದೇವರ ವಾಕ್ಯವನ್ನು ಕೇಳಿ ಅದರಂತೆ ನಡೆಯುವವರೇ ಧನ್ಯರೆಂದು ಯೇಸು ಉತ್ತರಿಸುತ್ತಾನೆ.

ಅಗಸ್ಟೀನನ 'ಆತ್ಮನಿವೇದನೆ' ಎಂಬ ಆತ್ಮಕಥೆಯಲ್ಲಿ ಇಬ್ಬರು ತಾಯಂದಿರಿದ್ದಾರೆ. ಒಬ್ಬಳು ಅವನನ್ನು ಹೆತ್ತ ಮೋನಿಕಾ. ದೇಹದಲ್ಲಿ ತನ್ನನ್ನು ಹೆರುವಾಗ ಪಟ್ಟದ್ದಕ್ಕಿಂತ ಹೆಚ್ಚಿನ ಬೇನೆಯನ್ನು ತನ್ನ ಆತ್ಮವನ್ನು ಹೆರುವಾಗ ಅವಳು ಪಟ್ಟಳೆಂದು ಅವನು ಬರೆದ. ಅವಳು 387ರಲ್ಲಿ ತೀರಿಕೊಂಡದ್ದನ್ನು ಹೃದಯ ಕಲಕುವಂತೆ ಚಿತ್ರಿಸಿದ. ಇನ್ನೊಬ್ಬಳು ಅವನ ಮಗ ಅಡಿಯೊಡೇಟಸನ ತಾಯಿ, ಹಲವು ವರ್ಷ ಮದುವೆಯಿಲ್ಲದೆ ಅವನೊಡನೆ ಬಾಳಿದವಳು. ಅನುಕೂಲದ ಸಂಬಂಧವೊಂದು ಕೂಡಿಬರುತ್ತಿದ್ದುದರಿಂದ ಅವಳನ್ನು ಆಫ್ರಿಕಕ್ಕೆ ಕಳುಹಿಸಲಾಯಿತು. ಇನ್ನೊಬ್ಬ ಗಂಡಸನ್ನು ಮುಟ್ಟುವುದಿಲ್ಲವೆಂದು ಹರಕೆ ಹೊತ್ತು, ಮಗನನ್ನು ಅವನ ಬಳಿಯೇ ಬಿಟ್ಟು ಅವಳು ಹೊರಟಳು. ಅವಳ ಹೆಸರನ್ನು ಅಗಸ್ಟೀನ್ ಬರೆಯಲಿಲ್ಲ.

ಪ್ರಶ್ನೆ: ಸ್ತ್ರೀಯು ಮಕ್ಕಳನ್ನು ಹೆರುವುದರಿಂದ ರಕ್ಷಣೆ ಹೊಂದುವಳು ಎಂಬ ಅರ್ಥದ ಮಾತು ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯಲ್ಲಿದೆ. ಮಕ್ಕಳಿಲ್ಲದವಳಿಗೆ ರಕ್ಷಣೆ ಇಲ್ಲವೆಂದು ಆಗಿನವರು ಇದನ್ನು ಅರ್ಥಮಾಡಿಕೊಂಡಿದ್ದರೇ?

ಉತ್ತರ: ಹಾಗೆ ಅರ್ಥಮಾಡಿದ್ದರೆ ಕನ್ಯೆಯರನ್ನು ಅಷ್ಟೊಂದು ಗೌರವಿಸುವುದು ಸಾಧ್ಯವೇ ಇರಲಿಲ್ಲ. ಮದುವೆಯಾಗದಿರುವುದೇ ಲೇಸೆಂದು ಕೊರಿಂಥದವರಿಗೆ ಅಪೊಸ್ತಲ ಪೌಲ ಬರೆದ ಮಾತೂ ಅದೇ ಬೈಬಲಿನಲ್ಲಿದೆ. ತಿಮೊಥೆಯನಿಗೆ ಬರೆದ ಪತ್ರಿಕೆ ಪೌಲನದೇ ಅಲ್ಲ, ಅವನ ಹೆಸರಿನಲ್ಲಿ ಮುಂದಿನ ತಲೆಮಾರು ಬರೆದದ್ದೆಂದು ಇಂದಿನ ವಿದ್ವಾಂಸರಲ್ಲಿ ಅನೇಕರು ತಿಳಿಯುತ್ತಾರೆ. ಗ್ರೀಕ್ ಮೂಲದಲ್ಲಿ ಆ ವಾಕ್ಯ ಏಕವಚನದಲ್ಲಿ ಆರಂಭವಾಗಿ, ನಂಬಿಕೆಯಲ್ಲಿಯೂ ಪ್ರೀತಿಯಲ್ಲಿಯೂ 'ಅವರು' ನೆಲೆಗೊಂಡರೆ ಎಂದು ಬಹುವಚನಕ್ಕೆ ಹೊರಳುತ್ತದೆ. ಅವರು ಎಂದರೆ ಹೆಂಗಸರೋ, ಅವಳ ಮಕ್ಕಳೋ? ಮಕ್ಕಳೆಂದೇ ಓದಿದವನು ನಾಲ್ಕನೆಯ ಶತಮಾನದ ಹೆಸರಾಂತ ಬೋಧಕ ಯೊವಾನ್ನ ಕ್ರಿಸೊಸ್ತೊಮ್. ಹೆತ್ತರಷ್ಟೇ ಸಾಲದು, ಹೆತ್ತ ಮಕ್ಕಳನ್ನು ದೇವಭಕ್ತಿಯಲ್ಲಿ ಬೆಳೆಸಿದರೆ ತಾಯಿಗೆ ಅದರ ಫಲವುಂಟೆಂದು ಅವನು ಬೋಧಿಸಿದ. ಈ ಓದಿನ ಹಿಂದೆ ಅವನ ಬಾಳೂ ಇರಬಹುದು: ಅವನ ತಾಯಿ ಅಂಥೂಸಾ ಸುಮಾರು 20ರ ವಯಸ್ಸಿಗೇ ವಿಧವೆಯಾಗಿ, ಮತ್ತೆ ಮದುವೆಯಾಗದೆ ಅವನನ್ನು ಸಾಕಿದವಳು. ಅವನು ಸನ್ಯಾಸಕ್ಕೆ ಹೊರಡಲಿದ್ದಾಗ, ತಾನು ಹೆತ್ತ ಹಾಸಿಗೆಯ ಬಳಿ ಕೂರಿಸಿಕೊಂಡು, ತನ್ನನ್ನು ಎರಡನೆಯ ಸಲ ವಿಧವೆ ಮಾಡಬೇಡವೆಂದು ಅವಳು ಅತ್ತದ್ದನ್ನು ಅವನೇ ದಾಖಲಿಸಿದ್ದಾನೆ.

ಪ್ರಶ್ನೆ: ಬಾಣಂತಿಯರು ಆಗ ದೇವಾಲಯಕ್ಕೆ ಬರಬಾರದೆಂಬ ನಿಯಮವಿತ್ತೇ?

ಉತ್ತರ: ಗಂಡು ಹುಟ್ಟಿದರೆ 40 ದಿನ, ಹೆಣ್ಣು ಹುಟ್ಟಿದರೆ 80 ದಿನ ಎಂಬ ಲೆಕ್ಕ ಯಾಜಕಕಾಂಡದ ನಿಯಮದಿಂದ ಬಂದದ್ದು, ಮರಿಯಳೂ ಶುದ್ಧೀಕರಣದ ದಿನಗಳು ತುಂಬಿದ ಮೇಲೆಯೇ ಯೆರೂಸಲೇಮಿನ ದೇವಾಲಯಕ್ಕೆ ಹೋದಳೆಂದು ಲೂಕ ಬರೆಯುತ್ತಾನೆ. ಆ ನಿಯಮ ಕ್ರೈಸ್ತರನ್ನೂ ಕಟ್ಟುತ್ತದೆಯೇ ಎಂಬ ವಿಷಯದಲ್ಲಿ ಒಮ್ಮತವಿರಲಿಲ್ಲ. ಮುಟ್ಟಿನ ವಿಚಾರದಲ್ಲಿ ಆ ಭಿನ್ನಾಭಿಪ್ರಾಯ ಸ್ಪಷ್ಟವಾಗಿ ಕಾಣುತ್ತದೆ: ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಬಿಷಪ್ ಡಯೊನೀಸಿಯಸ್ ಮುಟ್ಟಾದವರು ಪವಿತ್ರ ಪೀಠದ ಬಳಿ ಬರಬಾರದೆಂದ, ಸಿರಿಯದಲ್ಲಿ ಅದೇ ಶತಮಾನದ ಸಭಾನಿಯಮಗಳ ಗ್ರಂಥವೊಂದು, ಆ ದಿನಗಳಲ್ಲಿ ಪವಿತ್ರಾತ್ಮ ತಮ್ಮನ್ನು ಬಿಟ್ಟುಹೋಗುವುದೆಂದು ನಂಬಿ ಪ್ರಾರ್ಥನೆಯಿಂದ ದೂರ ಉಳಿಯುವ ಹೆಂಗಸರನ್ನು ತಿದ್ದುತ್ತದೆ. ಬಾಣಂತಿಯ ಬಗ್ಗೆ ನೇರವಾದ ಮಾತು ಪೋಪ್ ಗ್ರೆಗೊರಿ 601ರಲ್ಲಿ ಇಂಗ್ಲೆಂಡಿಗೆ ಬರೆದದ್ದೆಂದು ಇತಿಹಾಸಕಾರ ಬೀಡ್ ಉಳಿಸಿಕೊಟ್ಟ ಉತ್ತರಗಳಲ್ಲಿದೆ: ಹೆತ್ತ ಗಳಿಗೆಯಲ್ಲೇ ಕೃತಜ್ಞತೆ ಹೇಳಲು ಅವಳು ದೇವಾಲಯವನ್ನು ಹೊಕ್ಕರೂ ಅದು ಪಾಪವಲ್ಲ, ಅವಳನ್ನು ತಡೆದರೆ ಅವಳು ಉಂಡ ನೋವನ್ನೇ ಅವಳ ಮೇಲೆ ಅಪರಾಧವಾಗಿ ಹೊರಿಸಿದಂತಾಗುತ್ತದೆ. ಅದೇ ಪತ್ರದಲ್ಲಿ, ಮುಟ್ಟಾದವಳಿಗೂ ಪರಮಪ್ರಸಾದವನ್ನು ನಿರಾಕರಿಸಬಾರದೆಂದು ಹೇಳಿದ ಮೇಲೆ, ಭಯಭಕ್ತಿಯಿಂದ ಅವಳಾಗಿಯೇ ಸ್ವೀಕರಿಸದೆ ಉಳಿದರೆ ಅದು ಮೆಚ್ಚತಕ್ಕದ್ದೆಂಬ ಮಾತೂ ಇದೆ.