ಸೂತ್ರಗಳೆಲ್ಲ ಸಿದ್ಧ ಕೋಡಿನ ಲೈಬ್ರರಿಯಲ್ಲೇ ಇರುವಾಗ ಸ್ಟ್ಯಾಟಿಸ್ಟಿಕ್ಸ್ ಓದಿದವರಿಗೆ ಸಾಫ್ಟ್‌ವೇರ್‌ನಲ್ಲಿ ಏನು ಕೆಲಸ?

ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸುತ್ತಿದ್ದೀರಿ, ಮುಂಬೈಯಿಂದ ಕರೆ ಬಂದಿದೆ, ಹೋದರೆ ಓದಿದ ಗಣಿತ ತುಕ್ಕು ಹಿಡಿಯುತ್ತದೇನೋ ಎಂಬ ಅಳುಕು ನಿಮ್ಮದು. ನಾನು ಹನ್ನೊಂದು ವರ್ಷದಿಂದ ಡೊಂಬಿವಲಿಯಿಂದ ಲೋವರ್ ಪರೇಲ್‌ಗೆ ಲೋಕಲ್‌ನಲ್ಲಿ ಓಡಾಡುತ್ತ ಇದೇ ಕೆಲಸ ಮಾಡುತ್ತಿದ್ದೇನೆ. ಧೈರ್ಯವಾಗಿ ಬನ್ನಿ. ಪುಸ್ತಕದಲ್ಲಿ ಸರಿಯಿರುವ ಸೂತ್ರ ಕಂಪ್ಯೂಟರಿನಲ್ಲಿ ತಪ್ಪುತ್ತದೆ. ಅದನ್ನು ಹಿಡಿಯಲು ಗಣಿತ ಗೊತ್ತಿದ್ದವರೇ ಬೇಕು.

ಒಮ್ಮೆ ಷೇರು ಆರ್ಡರ್‌ಗಳು ಬಂದ ಸಮಯದ ವೇರಿಯನ್ಸ್, ಅಂದರೆ ಸರಾಸರಿಯಿಂದ ಒಂದೊಂದು ಸಂಖ್ಯೆ ಎಷ್ಟು ದೂರವಿದೆಯೋ ಆ ದೂರಗಳ ವರ್ಗಗಳ ಸರಾಸರಿ, ಲೆಕ್ಕ ಹಾಕುತ್ತಿದ್ದೆವು. ಒಂದು ಸಾಲಿನಲ್ಲಿ ಉತ್ತರ ಮೈನಸ್ ಬಂತು. ವರ್ಗಗಳ ಸರಾಸರಿ ಎಂದಾದರೂ ಮೈನಸ್ ಆಗುವುದುಂಟೆ? ತಂಡದಲ್ಲಿದ್ದ ವಿಜಯಪುರದ ಹುಡುಗಿ, "ಅಕ್ಕಾ, ಡೇಟಾದಾಗ ಏನರ ತಪ್ಪೈತೇನು ನೋಡ್ರಿ" ಅಂದಳು. ಡೇಟಾ ಚೊಕ್ಕವಾಗಿತ್ತು. ಸಮಯವನ್ನು 1970ರ ಜನವರಿ 1ರಿಂದ ಮಿಲಿಸೆಕೆಂಡುಗಳಲ್ಲಿ ಎಣಿಸಿದ್ದರಿಂದ ಒಂದೊಂದೂ 13 ಅಂಕಿಯ ಸಂಖ್ಯೆ, ಅದರ ವರ್ಗ 25 ಅಂಕಿ. ಡಬಲ್‌ನಲ್ಲಿ, ಅಂದರೆ ಕಂಪ್ಯೂಟರು ದಶಮಾಂಶ ಸಂಖ್ಯೆಗಳನ್ನು ಇಟ್ಟುಕೊಳ್ಳುವ ಸಾಮಾನ್ಯ ರೂಪದಲ್ಲಿ, ನಿಲ್ಲುವುದು ಸುಮಾರು 16 ಅಂಕಿ ಮಾತ್ರ. ನಾನು ಬರೆದ ಕೋಡು ಪಠ್ಯಪುಸ್ತಕದ ಸೂತ್ರದಂತೆ ಆ ಸಂಖ್ಯೆಗಳ ವರ್ಗಗಳ ಸರಾಸರಿಯಿಂದ ಸರಾಸರಿಯ ವರ್ಗವನ್ನು ಕಳೆಯುತ್ತಿತ್ತು. ಎರಡು ಭಾರೀ ಸಂಖ್ಯೆಗಳ ತಲೆಗಳು ಒಂದನ್ನೊಂದು ಹೊಡೆದುಹಾಕಿದವು, ನಮಗೆ ಬೇಕಿದ್ದ ಬಾಲದ ಅಂಕಿಗಳು ಮೊದಲೇ ಉದುರಿ ಹೋಗಿದ್ದವು. ಮೈನಸ್ ಬಂದ ಸಾಲು ಕಣ್ಣಿಗೆ ಬಿತ್ತು. ಪ್ಲಸ್ ಬಂದೂ ತಪ್ಪಾಗಿದ್ದ ಸಾಲುಗಳು ಮೂರು ವಾರ ವರದಿಯಲ್ಲಿ ಹೋಗಿದ್ದವು. ನನಗೆ ಇಂದಿಗೂ ನೋಯುವುದು ಅದೇ. ವೆಲ್ಫರ್ಡ್ ಎಂಬವರು 1962ರಲ್ಲೇ ತೋರಿಸಿದ ವಿಧಾನದಲ್ಲಿ ಒಂದೊಂದೇ ಸಂಖ್ಯೆಗೆ ಸರಾಸರಿಯನ್ನು ತಿದ್ದುತ್ತ ಹೋಗಿದ್ದರೆ ಇದಾಗುತ್ತಿರಲಿಲ್ಲ.

ಇದು ಸಣ್ಣ ವಿಷಯವಲ್ಲ. ಕೆನಡಾದ ವ್ಯಾಂಕೂವರ್ ಷೇರು ವಿನಿಮಯ ಕೇಂದ್ರದ ಸೂಚ್ಯಂಕ 1982ರಲ್ಲಿ 1000ದಿಂದ ಶುರುವಾಗಿ 1983ರ ನವೆಂಬರಿಗೆ 525ರ ಆಸುಪಾಸಿಗೆ ಇಳಿದಿತ್ತು. ಪ್ರತಿ ವಹಿವಾಟಿಗೂ ಮೂರನೆಯ ದಶಮಾಂಶದ ಆಚೆಯದನ್ನು ಕತ್ತರಿಸಿ ಎಸೆಯುತ್ತಿದ್ದುದೇ ಕಾರಣ. ಸರಿಪಡಿಸಿದಾಗ 1098 ದಾಟಿತು.

ಕೋಡಿಂಗ್ ಇಲ್ಲಿ ಬಂದು ಕಲಿಯಬಹುದು. ಕಂಪ್ಯೂಟರಿನ ಲೆಕ್ಕದಲ್ಲಿ ಇಂಥ ತಪ್ಪು ಹೇಗೆ ಬೆಳೆಯುತ್ತದೆಂದು ಕಲಿಸುವ ನ್ಯೂಮರಿಕಲ್ ಅನಾಲಿಸಿಸ್ ಪೇಪರ್ ಐಚ್ಛಿಕವಾಗಿದ್ದರೆ ದಯವಿಟ್ಟು ಬಿಡಬೇಡಿ. ಅಲ್ಲೂ ಅಂಕಿಗಳು ಹೀಗೆ ಉದುರಬಹುದಾದ್ದರಿಂದ, ಮ್ಯಾಟ್ರಿಕ್ಸಿನ ವಿಲೋಮ ತೆಗೆದು ಗುಣಿಸುವ ಅಭ್ಯಾಸವನ್ನು ಈಗಲೇ ಬಿಟ್ಟು, ಸಮೀಕರಣವನ್ನು ನೇರವಾಗಿ ಬಿಡಿಸುವುದನ್ನು ರೂಢಿಸಿಕೊಳ್ಳಿ.

ಇವತ್ತು ರಾತ್ರಿಯೇ ಒಂದು ಮಾಡಿ ನೋಡಿ. 4, 7, 13, 16: ಪ್ರತಿಯೊಂದಕ್ಕೂ ನೂರು ಕೋಟಿ ಕೂಡಿಸಿ, ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ವೇರಿಯನ್ಸ್ ಫಂಕ್ಷನ್‌ಗೆ ಕೊಡಿ. 30 ಬರುತ್ತದೆ. ಆಮೇಲೆ ಪಠ್ಯದ ಆ ಕಳೆಯುವ ಸೂತ್ರವನ್ನು, ಆರ್ ಮಾಡುವಂತೆಯೇ n ಬದಲು n-1ರಿಂದ ಭಾಗಿಸುವ ರೂಪದಲ್ಲಿ, ನೀವೇ ಬರೆದು ಓಡಿಸಿ. 30 ಬರುವುದಿಲ್ಲ.