ಒಂದು ಬಟ್ಟಲು ಜಿಪ್ಸಂ ಕಾಂಪೌಂಡ್ ಕಲಸುವುದು ಹೇಗೆ? ಐದು ನಿಮಿಷಕ್ಕೇ ಕಲ್ಲಾಗುತ್ತಿದೆ

ನೀವು ಕೇಳಿದ್ದು ಇಷ್ಟು: ಮಂಗಳೂರಿನ ಫ್ಲ್ಯಾಟ್, ಜಿಪ್ಸಂ ಬೋರ್ಡಿನ ಫಾಲ್ಸ್ ಸೀಲಿಂಗ್. ಎರಡು ಕಡೆ ನಾಲ್ಕು ನಾಲ್ಕು ಅಡಿ ಉದ್ದ ಜಾಯಿಂಟ್ (ಎರಡು ಬೋರ್ಡು ಕೂಡುವ ಸಂದು) ಬಿರುಕು ಬಿಟ್ಟಿದೆ, ಹಳೆಯ ಲೈಟ್ ತೆಗೆದಲ್ಲಿ ಮೂರಿಂಚಿನ ತೂತು ಉಂಟು. ಇಷ್ಟು ಸಣ್ಣ ಕೆಲಸಕ್ಕೆ ಯಾರೂ ಬರುವುದಿಲ್ಲವೆಂದು ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ, ತಂದು ನೀವೇ ಕೈ ಹಾಕಿದ್ದೀರಿ. ಮೊದಲ ಬಟ್ಟಲು ಸರಿ ಬಂತು, ಎರಡನೆಯದು ಐದು ನಿಮಿಷಕ್ಕೆ ಗಟ್ಟಿಯಾಯಿತು, ಮೂರನೆಯದು ಪುಟ್ಟಿ ಹಚ್ಚುವ ಬ್ಲೇಡಿಗೆ ತೆಗೆಯುವಷ್ಟರಲ್ಲೇ ಕಲ್ಲು. ಪುಡಿ ಹಾಳಾಗಿದೆಯೇ ಎಂಬುದು ಪ್ರಶ್ನೆ.

ಪುಡಿ ಹಾಳಾಗಿದ್ದರೆ ಮೊದಲ ಬಟ್ಟಲೂ ಕೈಕೊಡಬೇಕಿತ್ತು. ನೀವು ಬಟ್ಟಲು ತೊಳೆದದ್ದು ಸಾಲದು.

ಹಾಲಿಗೆ ಹೆಪ್ಪು ಹಾಕುತ್ತೇವಲ್ಲ, ಇಲ್ಲಿಯೂ ಹಾಗೆಯೇ. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿಯಲ್ಲಿ ಕಾಯಿಸಿ, ಅದರೊಳಗಿನ ನೀರಿನಲ್ಲಿ ಮುಕ್ಕಾಲು ಪಾಲು ಹಾರಿಸಿ ಪುಡಿ ಮಾಡಿದರೆ ಪಿಒಪಿ. ನೀರು ಸೇರಿಸಿದ ಕೂಡಲೇ ಅದು ಕಳೆದುಕೊಂಡ ನೀರನ್ನು ಹೀರಿ ಮತ್ತೆ ಜಿಪ್ಸಂ ಆಗಲು ಹೊರಡುತ್ತದೆ. ಸೂಜಿಯಂಥ ಹರಳುಗಳು ಬೆಳೆದು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ; ಗಟ್ಟಿಯಾಗುವುದು ಎಂದರೆ ಇದೇ. ಆ ಹರಳು ಹುಟ್ಟಲು ಸ್ವಲ್ಪ ಹೊತ್ತು ಬೇಕು. ಆದರೆ ಬಟ್ಟಲಿನ ಅಂಚಿನಲ್ಲಿ, ಬ್ಲೇಡಿನ ಹಿಡಿಯ ಸಂದಿನಲ್ಲಿ, ಕಲಸಿದ ಕಡ್ಡಿಯಲ್ಲಿ ಹಿಂದಿನ ಬಾರಿಯ ಚಕ್ಕೆ ಉಳಿದಿದ್ದರೆ ಅದು ಸಿದ್ಧ ಹರಳು, ಹೊಸ ಹರಳು ಅದರ ಮೇಲೆಯೇ ಬೆಳೆಯತೊಡಗುತ್ತದೆ. ಬಟ್ಟಲಿನಿಂದ ಬಟ್ಟಲಿಗೆ ನಿಮ್ಮ ಹೆಪ್ಪು ಹೆಚ್ಚುತ್ತಾ ಹೋಗಿದೆ. ಬ್ಲೇಡ್ ತೊಳೆದ ಹಾಲಿನಂಥ ನೀರನ್ನೇ ಮತ್ತೆ ಕಲಸಲು ಬಳಸಿದ್ದರಂತೂ ಕೇಳುವುದೇ ಬೇಡ.

ಇದಕ್ಕೆ ಸ್ಟೀಲ್ ಬಟ್ಟಲು ಬೇಡ. ಬಗ್ಗುವ ಪ್ಲಾಸ್ಟಿಕ್ ಡಬ್ಬ ಬೇಕು: ಅರ್ಧ ಕಿಲೋ ಮೊಸರಿನದ್ದು, ಐಸ್‌ಕ್ರೀಮಿನದ್ದು, ಅಥವಾ ನಡುವೆ ಕತ್ತರಿಸಿದ ಎಣ್ಣೆ ಕ್ಯಾನು. ಮೂರು ನಾಲ್ಕು ಇಟ್ಟುಕೊಂಡು ಒಂದು ಬಾರಿಗೆ ಒಂದು ಬಳಸಿ. ಉಳಿದದ್ದು ಒಳಗೇ ಗಟ್ಟಿಯಾಗಲಿ. ಮತ್ತೆ ಡಬ್ಬ ಹಿಚುಕಿದರೆ ಬಿಲ್ಲೆಯಾಗಿ ಕಳಚಿ ಬರುತ್ತದೆ. ಬ್ಲೇಡನ್ನು ಮಾತ್ರ ಪ್ರತಿ ಸಲ ನೀರಿನಲ್ಲಿ ಉಜ್ಜಿ ತೊಳೆದು ಒರೆಸಬೇಕು.

ಗಡಿಬಿಡಿ ಮಾಡುವ ಇನ್ನೆರಡು ಸಂಗತಿಗಳುಂಟು. ಒಂದು, ನೀರು. ಮೇ ತಿಂಗಳ ಮಧ್ಯಾಹ್ನ ಟೆರೇಸಿನ ಟ್ಯಾಂಕಿಯಿಂದ ಬರುವ ನೀರು ಕೈಗೆ ಬಿಸಿ ತಾಗುತ್ತದೆ, ಅದರಲ್ಲಿ ಕಲಸಿದರೆ ಬೇಗ ಹಿಡಿಯುತ್ತದೆ, ಅಂದರೆ ಗಟ್ಟಿಯಾಗುತ್ತದೆ. ಮಲ್ಪೆ, ಪಣಂಬೂರು, ಉಳ್ಳಾಲದ ಕಡೆ ಕಡಲಿಗೆ ಹತ್ತಿರದ ಬಾವಿಯ ನೀರಿನಲ್ಲಿ ಉಪ್ಪಿನಂಶ ಇದ್ದರೆ ಅದೂ ಹಾಗೆಯೇ. ಕುಡಿಯುವ ತಣ್ಣೀರು ತೆಗೆದುಕೊಳ್ಳಿ. ಇನ್ನೊಂದು, ಕಲಸುವ ಉತ್ಸಾಹ. ಹೆಚ್ಚು ಕಲಸಿದಷ್ಟೂ ಆಗಷ್ಟೇ ಹುಟ್ಟಿದ ಹರಳು ಮುರಿದು ನೂರಾಗುತ್ತದೆ, ಪ್ರತಿಯೊಂದು ತುಂಡೂ ಹೊಸ ಹೆಪ್ಪು. ಡ್ರಿಲ್ಲಿಗೆ ಕಲಸುವ ಕಡ್ಡಿ ಸಿಕ್ಕಿಸಿ ತಿರುಗಿಸುವುದು 25 ಕಿಲೋ ಚೀಲದವರ ಕೆಲಸ. 200 ಗ್ರಾಂಗೆ ಅದನ್ನು ಹಾಕಿದರೆ ಗಾಳಿ ಸೇರಿ ಗುಳ್ಳೆ ಬರುತ್ತದೆ, ಹಿಡಿಯುವ ಹೊತ್ತೂ ಕಡಿಮೆಯಾಗುತ್ತದೆ.

ಈಗ ಅಳತೆ. 100 ಗ್ರಾಂ ಪಿಒಪಿಗೆ 60ರಿಂದ 65 ಮಿಲಿ ನೀರು. ಇದರಿಂದ ಹೆಚ್ಚುಕಡಿಮೆ 100 ಮಿಲಿ ಕಾಂಪೌಂಡ್ ಬರುತ್ತದೆ, ಲೆಕ್ಕಕ್ಕೆ ಸುಲಭ. ಅಡುಗೆಮನೆಯ ತಕ್ಕಡಿ ಇಲ್ಲದಿದ್ದರೆ ಒತ್ತದೆ ತುಂಬಿದ ಎರಡು ಲೋಟ ಪುಡಿಗೆ ಒಂದು ಲೋಟ ನೀರು. ನಾಲ್ಕಡಿಯ ಒಂದು ಜಾಯಿಂಟಿಗೆ ಟೇಪಿನ (ಸಂದಿಯ ಮೇಲೆ ಅಂಟಿಸುವ ಬಲೆಯಂಥ ಪಟ್ಟಿ) ಮೇಲೆ ನಾಲ್ಕಿಂಚು ಅಗಲ, ಒಂದೂವರೆ ಮಿಲಿಮೀಟರ್ ದಪ್ಪ ಎಳೆದರೆ 180 ಮಿಲಿ ಆಗುತ್ತದೆ. ಹಾಗಾಗಿ ಒಂದು ಬಾರಿಗೆ 200 ಗ್ರಾಂ ಪುಡಿ, 120 ಮಿಲಿ ನೀರು, ಒಂದು ಜಾಯಿಂಟು. ಎರಡೂ ಜಾಯಿಂಟಿಗೆ ಒಟ್ಟಿಗೆ ಕಲಸಿ ಏಣಿ ಸರಿಸಲು ಹೋದರೆ ಎರಡನೆಯದರ ಪಾಲು ಡಬ್ಬದಲ್ಲೇ ಉಳಿಯುತ್ತದೆ.

ಮೊದಲು ನೀರು, ಆಮೇಲೆ ಪುಡಿ. ತಿರುಗಾಮುರುಗ ಮಾಡಿದರೆ ತಳದಲ್ಲಿ ಒಣ ಗಂಟು ಉಳಿಯುತ್ತದೆ, ಅದನ್ನು ಬಿಡಿಸಲು ಹೆಚ್ಚು ಕಲಸಬೇಕಾಗುತ್ತದೆ, ಹೆಚ್ಚು ಕಲಸಿದರೆ ಏನಾಗುತ್ತದೆ ಎಂದು ಮೇಲೆ ಹೇಳಿದ್ದೇನೆ. ಪುಡಿಯನ್ನು ಬೆರಳ ಸಂದಿನಿಂದ ನೀರಿನ ಮೇಲೆಲ್ಲ ಉದುರಿಸಿ, ಇದಕ್ಕೆ ಅರ್ಧ ನಿಮಿಷ ತೆಗೆದುಕೊಳ್ಳಿ. ಮೊದಮೊದಲು ಮುಳುಗುತ್ತಾ ಹೋಗುತ್ತದೆ, ಕೊನೆಗೆ ಮೇಲೆ ಒಣ ದ್ವೀಪಗಳ ಹಾಗೆ ನಿಲ್ಲುತ್ತದೆ. ಅಲ್ಲಿಗೆ ಸಾಕು. ಮುಟ್ಟದೆ ಒಂದು ನಿಮಿಷ ಬಿಡಿ. ಪುಡಿ ತಾನೇ ನೀರು ಕುಡಿದು ದ್ವೀಪಗಳು ಬಣ್ಣ ಬದಲಿಸಿ ಕುಸಿಯುತ್ತವೆ. ಮತ್ತೆ ಬ್ಲೇಡಿನಿಂದ ಬದಿ, ತಳ ಕೆರೆಯುತ್ತಾ ನಿಧಾನವಾಗಿ ಮುಕ್ಕಾಲು ನಿಮಿಷ ಕಲಸಿ, ನಿಲ್ಲಿಸಿ. ಹದ ಗೋಳಿಬಜೆ ಹಿಟ್ಟಿನದ್ದು: ಬ್ಲೇಡ್ ಮಗುಚಿದರೆ ಕೂಡಲೇ ಬೀಳಬಾರದು, ಒಂದು ಕ್ಷಣ ಅಂಟಿಕೊಂಡಿದ್ದು ಮನಸ್ಸಿಲ್ಲದೆ ಜಾರಬೇಕು. ಎರಡನೇ, ಮೂರನೇ ಕೋಟಿಗೆ (ಪದರಕ್ಕೆ) ಇಡ್ಲಿ ಹಿಟ್ಟಿನ ಹದ, ಅಂದರೆ 200 ಗ್ರಾಂಗೆ 140 ಮಿಲಿ. ನೀರುದೋಸೆ ಹಿಟ್ಟಾದರೆ ಅದು ಛಾವಣಿಯಲ್ಲಿ ನಿಲ್ಲುವುದಿಲ್ಲ, ನಿಂತರೂ ಒಣಗಿದ ಮೇಲೆ ಉಗುರಿಗೆ ಪುಡಿಯಾಗಿ ಬರುತ್ತದೆ.

ಇಷ್ಟು ಮಾಡಿದರೂ ಬರಿಯ ಪಿಒಪಿ ಕೈಯಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದು ಕಷ್ಟ. ಹೊಸಬರಿಗೆ ಅದು ಸಾಲದು. ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಇಲ್ಲಿ ಕೆಲಸಕ್ಕೆ ಬರುತ್ತದೆ. ಅದು ಹರಳಿನ ಮೈಗೆ ಅಂಟಿ ಬೆಳವಣಿಗೆಯನ್ನು ತಡೆಯುತ್ತದೆ. ಬೇಕಾದದ್ದು ಎಷ್ಟು ಕಡಿಮೆಯೆಂದರೆ ನೇರ ಅಳೆಯಲಾಗದು: ಪುಡಿಯ ತೂಕದ ನೂರಕ್ಕೆ 0.05, ಅಂದರೆ 200 ಗ್ರಾಂಗೆ 0.1 ಗ್ರಾಂ. ಅದಕ್ಕೆ ಅರ್ಧ ಲೀಟರ್ ನೀರಿನಲ್ಲಿ 5 ಗ್ರಾಂ, ಮಟ್ಟವಾಗಿ ತುಂಬಿದ ಒಂದು ಟೀ ಚಮಚ, ಕರಗಿಸಿ ಬಾಟಲಿಗೆ ಹಾಕಿಡಿ. ಆ ನೀರಿನಲ್ಲಿ 10 ಮಿಲಿ, ಎರಡು ಟೀ ಚಮಚ, 200 ಗ್ರಾಂನ ಒಂದು ಬಾರಿಗೆ ಸರಿಯಾದ ಪ್ರಮಾಣ. 120 ಮಿಲಿಯಲ್ಲಿ ಇದೂ ಸೇರಿರಬೇಕು, ಅಂದರೆ ಬರಿ ನೀರು 110 ಮಿಲಿ. ಪುಡಿ ಹಾಕುವ ಮೊದಲೇ ಬೆರೆಸಿ. ಹಿಡಿಯಲು ಶುರುವಾದ ಮೇಲೆ ಹಾಕಿ ಪ್ರಯೋಜನವಿಲ್ಲ. ಇದರಿಂದ ಕೈಯಲ್ಲಿ ಸಿಗುವ ಹೊತ್ತು ಎರಡು ಮೂರು ಪಟ್ಟಾದೀತು, ಆದರೆ ಪುಡಿಯಿಂದ ಪುಡಿಗೆ ವ್ಯತ್ಯಾಸ ಉಂಟು. ಆದ್ದರಿಂದ ಮೊದಲು 50 ಗ್ರಾಂ ಪುಡಿ, ಅರ್ಧ ಟೀ ಚಮಚ ನಿಂಬೆ ಉಪ್ಪಿನ ನೀರು, ಎಲ್ಲ ಸೇರಿ 30 ಮಿಲಿ ಕಲಸಿ ಗಡಿಯಾರ ನೋಡಿ. ನಿಂಬೆ ಉಪ್ಪಿನ ನೀರು ಹೇಳಿದ ಪ್ರಮಾಣದ ದುಪ್ಪಟ್ಟಿಗಿಂತ ಮೇಲೆ ಹೋಗಬೇಡಿ. ಹೆಚ್ಚಾದರೆ ಗಟ್ಟಿತನವೇ ಕುಗ್ಗುತ್ತದೆ. ಲಿಂಬೆಹಣ್ಣು ಹಿಂಡಿದರೂ ನಡೆದೀತು, ಆದರೆ ಹಣ್ಣಿನಿಂದ ಹಣ್ಣಿಗೆ ಹುಳಿ ಬೇರೆ. ಹುಣಸೆಯ ಟಾರ್ಟಾರಿಕ್ ಆಮ್ಲಕ್ಕೂ ಇದೇ ಗುಣ. ಕಂದು ಕಲೆಯ ಸೀಲಿಂಗ್ ಬೇಕಿದ್ದರೆ ಮಾತ್ರ ಅದನ್ನು ಬಳಸಿ.

ತಪ್ಪಿಯೂ ಮಾಡಬಾರದ್ದು ಒಂದುಂಟು. ಗಟ್ಟಿಯಾಗತೊಡಗಿದ್ದಕ್ಕೆ ನೀರು ಸುರಿದು ಮತ್ತೆ ಕಲಸುವುದು. ನೋಡಲು ಮೆತ್ತಗಾಗುತ್ತದೆ ನಿಜ, ಆದರೆ ಹೆಣೆದುಕೊಂಡಿದ್ದ ಸೂಜಿಗಳು ಮುರಿದಿರುತ್ತವೆ. ಅವು ಮತ್ತೆ ಕೂಡುವುದಿಲ್ಲ. ಡಬ್ಬ ಬದಲಿಸಿ.

ಪಿಒಪಿ ತೂತು, ಸಂದಿ ತುಂಬಲು ಒಳ್ಳೆಯದು, ಟೇಪ್ ಅಂಟಿಸಲು ಅಷ್ಟಕ್ಕಷ್ಟೆ. ಬೋರ್ಡಿನ ಕಾಗದ ಅದರ ನೀರನ್ನು ಥಟ್ಟನೆ ಎಳೆದುಕೊಳ್ಳುತ್ತದೆ. ಬೋರ್ಡಿಗೆಂದೇ ಬರುವ, ನೀರಿನಲ್ಲಿ ಕಲಸಿದರೆ ತಾನೇ ಗಟ್ಟಿಯಾಗುವ ಜಾಯಿಂಟಿಂಗ್ ಕಾಂಪೌಂಡಿನ ಪುಡಿಯಲ್ಲಿ ನೀರು ಹಿಡಿದಿಡುವ ಅಂಟು, ನಿಧಾನಿಸುವ ಮದ್ದು ಎರಡೂ ಮೊದಲೇ ಇರುತ್ತವೆ. ಸಣ್ಣ ಪ್ಯಾಕೆಟ್ ಸಿಕ್ಕರೆ ಅದನ್ನೇ ತನ್ನಿ. ನೀರಿನ ಅಳತೆ ಚೀಲದ ಮೇಲೆ ಇದ್ದಂತೆಯೇ, ನಿಂಬೆ ಉಪ್ಪು ಬೇಡ. ಪಿಒಪಿಯೇ ಗತಿ ಎಂದಾದರೆ 200 ಗ್ರಾಂಗೆ ಒಂದು ಟೀ ಚಮಚ ಫೆವಿಕಾಲ್‌ನಂಥ ಬಿಳಿ ಅಂಟನ್ನು ನೀರಿನಲ್ಲಿ ಕದಡಿ ಹಾಕಿ, ಹಿಡಿತ ಬರುತ್ತದೆ. ಬಿಳಿ ಸಿಮೆಂಟಿನ ವಾಲ್ ಪುಟ್ಟಿ ಬೇರೆಯೇ ಜಾತಿ, ಇದರೊಟ್ಟಿಗೆ ಬೆರೆಸಬೇಡಿ.

ಬಿರುಕನ್ನು ಮೊದಲು ಕಟರಿನಿಂದ ಕೆರೆದು ನಾಲ್ಕು ಮಿಲಿಮೀಟರ್ ಅಗಲ ಮಾಡಿ, ಸಡಿಲ ಇದ್ದದ್ದೆಲ್ಲ ಬೀಳಲಿ, ಧೂಳು ಒರೆಸಿ. ಆ ಜಾಗದಲ್ಲಿ ಬೋರ್ಡ್ ಒತ್ತಿದರೆ ಅಲುಗುತ್ತದೆಯೇ ನೋಡಿ. ಅಲುಗಿದರೆ ಚೌಕಟ್ಟಿಗೆ ಇನ್ನೆರಡು ಸ್ಕ್ರೂ ಹಾಕದೆ ಮುಂದೆ ಹೋಗುವಂತಿಲ್ಲ, ಇಲ್ಲದಿದ್ದರೆ ಆರು ತಿಂಗಳಲ್ಲಿ ಅದೇ ಬಿರುಕು. ಕಡಲ ಗಾಳಿಗೆ ಸ್ಕ್ರೂ ತಲೆ ತುಕ್ಕು ಹಿಡಿದು ಬಣ್ಣದ ಮೇಲೆ ಹಳದಿ ಚುಕ್ಕೆ ಮೂಡುವುದು ನಮ್ಮಲ್ಲಿ ಮಾಮೂಲು, ಅದಕ್ಕೆ ತಲೆಗೊಂದು ಹನಿ ಮೆಟಲ್ ಪ್ರೈಮರ್ ಮುಟ್ಟಿಸಿ. ಸಂದಿ ತುಂಬಿ, ಹಿಡಿದ ಮೇಲೆ ಮೆಶ್ ಟೇಪ್, ಅದರ ಮೇಲೆ ಮೊದಲ ಕೋಟು. ಮೂರಿಂಚಿನ ತೂತನ್ನು ಬರಿಯ ಕಾಂಪೌಂಡಿನಿಂದ ತುಂಬಲು ಹೋಗಬೇಡಿ: ಒಳಗೆ ಪ್ಲೈವುಡ್ ಪಟ್ಟಿ ಅಡ್ಡ ಇಟ್ಟು ಸ್ಕ್ರೂ ಬಿಗಿದು, ಅದಕ್ಕೆ ತೂತಿನ ಅಳತೆಯ ಬೋರ್ಡ್ ತುಂಡು ಕೂರಿಸಿ. ಸುತ್ತಲಿನ ಸಂದಿಗೆ 100 ಗ್ರಾಂ ಧಾರಾಳ.

ಹಚ್ಚಿದ ಮೇಲೆ ಡಬ್ಬದಲ್ಲಿ ಉಳಿದದ್ದನ್ನು ಬೆರಳಿನಿಂದ ಒತ್ತಿ ನೋಡುತ್ತಿರಿ. ಮೊದಲು ಹೊಳಪು ಹೋಗುತ್ತದೆ. ಮತ್ತೆ ಗಿಣ್ಣಿನ ಹದಕ್ಕೆ ಬರುತ್ತದೆ: ಬೆರಳಿಗೆ ಅಂಟುವುದಿಲ್ಲ, ಉಗುರು ಊರಿದರೆ ಗುರುತು ಬೀಳುತ್ತದೆ. ಆಗಲೇ ಏಣಿ ಹತ್ತಿ, ಒದ್ದೆ ಬ್ಲೇಡನ್ನು ಓರೆಯಾಗಿ ಹಿಡಿದು ಎದ್ದುನಿಂತ ಗೆರೆಗಳನ್ನು ಹೆರೆಯಿರಿ. ತೆಂಗಿನಕಾಯಿಯ ತುರಿಯಂತೆ ಉದುರುತ್ತದೆ. ಆ ಮೂರು ನಾಲ್ಕು ನಿಮಿಷ ತಪ್ಪಿದರೆ ಅದೇ ಕೆಲಸಕ್ಕೆ ಮರುದಿನ ಮಾಸ್ಕ್ ಕಟ್ಟಿಕೊಂಡು ಒಂದು ತಾಸು ಸ್ಯಾಂಡ್ ಪೇಪರ್ ಉಜ್ಜಬೇಕು. ಗಟ್ಟಿಯಾಗುವಾಗ ಸ್ವಲ್ಪ ಬಿಸಿಯೇರುವುದು ಸಹಜ. ಆದರೆ ಬಕೆಟ್‌ಗಟ್ಟಲೆ ಕಲಸಿ ಮಕ್ಕಳ ಕೈಯಚ್ಚು ತೆಗೆಯಲು ಹೋಗಬೇಡಿ, ದಪ್ಪ ಗಟ್ಟಿಯೊಳಗೆ ಚರ್ಮ ಸುಡುವಷ್ಟು ಕಾಯುತ್ತದೆ.

ಮಳೆಗಾಲದಲ್ಲಿ ಮಾಡಬಹುದೇ ಎಂದೂ ಕೇಳಿದ್ದೀರಿ. ಕಲಸಿ ಹಚ್ಚುವುದಕ್ಕೆ ಜುಲೈ ಆದರೂ ತೊಂದರೆಯಿಲ್ಲ. ಬಕೆಟಿನಲ್ಲಿ ಬರುವ ರೆಡಿ ಪೇಸ್ಟು ಗಾಳಿಗೆ ಒಣಗಿಯೇ ಗಟ್ಟಿಯಾಗಬೇಕು, ನಮ್ಮ ಆಷಾಢದ ಹವೆಯಲ್ಲಿ ಒಂದೊಂದು ಕೋಟಿಗೆ ಎರಡು ಮೂರು ದಿನ ಕಾಯಬೇಕಾದೀತು. ಇದು ಹಾಗಲ್ಲ, ಮಳೆ ಸುರಿಯುತ್ತಿದ್ದರೂ ಹೊತ್ತಿಗೆ ಸರಿಯಾಗಿ ಹಿಡಿಯುತ್ತದೆ. ಮೊದಲ ಕೋಟು ಗಟ್ಟಿಯಾದೊಡನೆ ಎರಡನೆಯದು ಹಚ್ಚಬಹುದು. ಎಡವುವುದು ಬಣ್ಣ ಹೊಡೆಯುವಾಗ. 200 ಗ್ರಾಂ ಪುಡಿಗೆ 120 ಮಿಲಿ ನೀರು ಹಾಕಿದ್ದೀರಲ್ಲ, ಅದರಲ್ಲಿ ಹರಳಾಗಲು ಖರ್ಚಾಗುವುದು ಬರೇ 37 ಮಿಲಿ. ಉಳಿದ 83 ಮಿಲಿ ಕಲ್ಲಿನಂತೆ ಗಟ್ಟಿಯಾದ ಮೇಲೂ ಒಳಗೇ ಕೂತಿರುತ್ತದೆ, ಅದು ಆರಿಯೇ ಹೋಗಬೇಕು. ಅದಕ್ಕೆ ಮೊದಲು ಪ್ರೈಮರ್ ಬಳಿದರೆ ಗುಳ್ಳೆ ಏಳುತ್ತದೆ, ಇಲ್ಲವೇ ಬೂಷ್ಟು ಹಿಡಿಯುತ್ತದೆ. ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ಆ ಜಾಗಕ್ಕೆ ಸುತ್ತಲೂ ಟೇಪ್ ಹಾಕಿ ಅಂಟಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಬದಿಯಲ್ಲಿ ಹನಿಯಿದ್ದರೆ ಇನ್ನೂ ಕಾಯಿರಿ.

ಫ್ಯಾನಿನ ವಿಷಯ ಸ್ವಲ್ಪ ತಲೆಕೆಳಗು. ಹಚ್ಚುವಾಗ ಮತ್ತು ಹಿಡಿಯುವವರೆಗೆ ಫ್ಯಾನ್, ಎಸಿ ಬಂದ್; ಅಂಚಿನ ತೆಳು ಪದರದ ನೀರು ಗಾಳಿಗೆ ಹಾರಿದರೆ ಹರಳು ಕಟ್ಟಲು ನೀರೇ ಇರುವುದಿಲ್ಲ, ಅಲ್ಲಿ ಹಿಟ್ಟು ಹಿಟ್ಟಾಗಿ ಉದುರುತ್ತದೆ. ಗಟ್ಟಿಯಾದ ಮೇಲೆ ಫ್ಯಾನ್ ಜೋರಾಗಿ ತಿರುಗಲಿ. ಹೀಟರ್, ಹ್ಯಾಲೊಜೆನ್ ದೀಪ ಹತ್ತಿರ ಹಿಡಿಯಬೇಡಿ. ಹೆಚ್ಚು ಕಾದರೆ ಹರಳಿನ ನೀರೇ ಹೊರಟು ಮತ್ತೆ ಪುಡಿಯ ದಾರಿ ಹಿಡಿಯುತ್ತದೆ. ಮೇಲಿನ ಸ್ಲ್ಯಾಬ್ ಸೋರುತ್ತಿದ್ದರೆ, ಅಥವಾ ಮುರಕಲ್ಲಿನ ಗೋಡೆ ಒಳಗಿಂದ ತೇವ ಎಳೆಯುತ್ತಿದ್ದರೆ, ಅಲ್ಲಿ ಜಿಪ್ಸಂ ಹಚ್ಚಿ ಫಲವಿಲ್ಲ. ಅದು ನೀರಿನಲ್ಲಿ ಸ್ವಲ್ಪ ಸ್ವಲ್ಪವೇ ಕರಗುವ ವಸ್ತು.

ಉಳಿದ ಪುಡಿಯನ್ನು ಚೀಲದ ಬಾಯಿ ಮಡಚಿ ಇಟ್ಟರೆ ನಮ್ಮ ಹವೆಗೆ ಅದು ತಾನೇ ನೀರು ಕುಡಿಯುತ್ತದೆ. ತಂದ ದಿನವೇ ಅರ್ಧರ್ಧ ಕಿಲೋ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಎಲ್ಲವನ್ನೂ ಮುಚ್ಚಳ ಬಿಗಿಯುವ ಬಕೆಟಿಗೆ ಹಾಕಿ, ನೆಲದಿಂದ ಮೇಲಿಡಿ. ತಿಂಗಳ ನಂತರ ತೆಗೆದಾಗ ಬೆರಳಿಗೆ ಗಂಟು ಸಿಕ್ಕರೆ ಜರಡಿ ಹಿಡಿದು ಉಳಿಸಲು ನೋಡಬೇಡಿ, ಆ ಗಂಟಿನ ಧೂಳೂ ಹೆಪ್ಪೇ.

ಬ್ಲೇಡ್ ತೊಳೆದ ನೀರನ್ನು ಸಿಂಕಿಗೂ ಬಚ್ಚಲಿಗೂ ಚೆಲ್ಲಬೇಡಿ. ಅದು ಪೈಪಿನ ಬಾಗಿನಲ್ಲಿ ನಿಂತು ನೀರಿನಡಿಯಲ್ಲೇ ಕಲ್ಲಾಗುತ್ತದೆ. ಬಕೆಟಿನಲ್ಲಿ ರಾತ್ರಿಯಿಟ್ಟರೆ ತಳದಲ್ಲಿ ಗಟ್ಟಿ ಕೂರುತ್ತದೆ. ಮೇಲಿನ ತಿಳಿಯನ್ನು ಅಂಗಳಕ್ಕೆ ಚೆಲ್ಲಿ, ಕೆಳಗಿನ ಬಿಲ್ಲೆಯನ್ನು ಕಟ್ಟಡದ ಕಸದೊಟ್ಟಿಗೆ ಹಾಕಿ.